ಕಣ್ಣಿಗೆ ಒಂದೇ, ಪೈಥಾನ್‌ಗೆ ಎರಡು

(ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಆಗಷ್ಟೇ ಆರಂಭಿಸಿದವರ ಮುಂದೆ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಾಗಿಲ ಬಳಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟು, ಪೈಥಾನ್ ಕಲಿಯುವಾಗ ಎಲ್ಲಿ ತಲೆ ಕೆಟ್ಟಿತೋ ಅದನ್ನು ಚೀಟಿಯಲ್ಲಿ ಬರೆದು ಹಾಕಿ ಎಂದು ಕೇಳಿಕೊಂಡಿದ್ದೆ. ಡಬ್ಬಿ ತುಂಬಿದೆ. ರಾತ್ರಿ ಕುಳಿತು ಸಿದ್ಧಪಡಿಸಿಕೊಂಡು ಬಂದ ಟಿಪ್ಪಣಿ ಚೀಲದಲ್ಲೇ ಇರಲಿ, ಚೀಟಿಗಳನ್ನೇ ಹಿಡಿದು ಮಾತನಾಡುತ್ತೇನೆ. ಚಹಾ ಕುಡಿಯುತ್ತಾ ಎಲ್ಲವನ್ನೂ ಒಮ್ಮೆ ಓದಿದೆ. ಬರಹ ಬೇರೆ ಬೇರೆ, ದೂರು ಮಾತ್ರ ಹೆಚ್ಚುಕಡಿಮೆ ಒಂದೇ: ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತಿವೆ, ಪೈಥಾನ್ ಮಾತ್ರ ಅಲ್ಲ ಎನ್ನುತ್ತಿದೆ. ನಾವು ಹೋಲಿಸುವುದು ಕಣ್ಣಿಗೆ ಕಂಡದ್ದನ್ನು. ಅದು ಹೋಲಿಸುವುದು ತನ್ನ ಕೈಯಲ್ಲಿರುವುದನ್ನು. ಇವತ್ತಿನ ಜಗಳವೆಲ್ಲ ಇಷ್ಟೇ.

ಮೊದಲ ಚೀಟಿ ಡಿಪ್ಲೊಮಾ ಓದುತ್ತಿರುವ ಹುಡುಗನದು. ಮೂವರ ಅಂಕಗಳನ್ನು ಕೇಳಿ ಪಡೆದು, ಅತಿ ಹೆಚ್ಚಿನದು ಯಾವುದೆಂದು ಹೇಳುವ ಪ್ರೋಗ್ರಾಂ ಬರೆದಿದ್ದಾನೆ. 85, 100, 92 ಎಂದು ಕೊಟ್ಟರೆ 92 ದೊಡ್ಡದು ಎಂದು ಉತ್ತರ ಬರುತ್ತದೆ. ಏರಿಕೆಯ ಕ್ರಮದಲ್ಲಿ ಜೋಡಿಸು ಎಂದರೆ ಇನ್ನೂ ಚೆಂದ: 100, 85, 92. ನೂರಕ್ಕೆ ನೂರು ತೆಗೆದವಳು ತರಗತಿಯಲ್ಲಿ ಕೊನೆಯವಳು!

ಇದು ಪೈಥಾನಿನ ತಪ್ಪಲ್ಲ, ನಿಘಂಟಿನ ನ್ಯಾಯ. ನಿಘಂಟಿನಲ್ಲಿ "ಗಜ" ಮೊದಲೋ "ಕಮಲ" ಮೊದಲೋ ಎಂದು ಹುಡುಕುವಾಗ ಪದ ಎಷ್ಟು ಉದ್ದ ಎಂದು ಯಾರೂ ನೋಡುವುದಿಲ್ಲ. ಮೊದಲ ಅಕ್ಷರ ನೋಡುತ್ತೇವೆ, ಅದು ಸಮವಾದರೆ ಎರಡನೆಯದು. "100" ಎಂಬುದು ಮೂರು ಚಿಹ್ನೆಗಳ ಒಂದು ಪದ, "85" ಎರಡು ಚಿಹ್ನೆಗಳ ಪದ. 1 ಎಂಬ ಚಿಹ್ನೆ 8ಕ್ಕಿಂತ ಹಿಂದಿನದು. ತೀರ್ಪು ಅಲ್ಲಿಗೇ ಮುಗಿಯಿತು, ಮುಂದಿನ ಸೊನ್ನೆಗಳನ್ನು ಕೇಳುವವರಿಲ್ಲ.

ಅಂಕಗಳು ಪದಗಳಾದದ್ದು ಹೇಗೆ? ಇನ್‌ಪುಟ್ ಎಂಬ ಫಂಕ್ಷನ್ (ಹೆಸರು ಹೇಳಿದರೆ ಒಂದು ಕೆಲಸ ಮಾಡಿಕೊಡುವ ಸಿದ್ಧ ತುಣುಕು) ಕೀಲಿಮಣೆಯಿಂದ ಏನನ್ನೇ ತಂದರೂ ಸ್ಟ್ರಿಂಗ್ ಆಗಿಯೇ, ಅಂದರೆ ಚಿಹ್ನೆಗಳ ಸರವಾಗಿಯೇ, ತಂದುಕೊಡುತ್ತದೆ. ನೀವು 18 ಎಂದು ಒತ್ತಿದರೆ ಅದರ ಕೈಗೆ ಸಿಗುವುದು ಒಂದು ಮತ್ತು ಎಂಟು ಎಂಬ ಎರಡು ಚಿಹ್ನೆಗಳ ಸರ. ಅದಕ್ಕೆ 2 ಕೂಡಿಸಿ ಎಂದರೆ ಟೈಪ್‌ಎರರ್ ಬರುತ್ತದೆ. ಸರವನ್ನೂ ಸಂಖ್ಯೆಯನ್ನೂ ಕೂಡಿಸಲಾರೆ ಎಂಬ ತಕರಾರು ಅದು. ಬರುವುದೇ ಒಳ್ಳೆಯದು, ತಪ್ಪು ಅಲ್ಲೇ ಸಿಕ್ಕಿಬಿತ್ತು. 2ರಿಂದ ಗುಣಿಸಿ ಎಂದು ನೋಡಿ, ಯಾವ ಎರರೂ ಬರುವುದಿಲ್ಲ. ಪೈಥಾನ್ ಆ ಸರವನ್ನು ಎರಡು ಸಲ ಪೋಣಿಸಿ, ಹದಿನೆಂಟರ ಹುಡುಗನ ವಯಸ್ಸಿನ ಎರಡರಷ್ಟು 1818 ಎಂದು ತಣ್ಣಗೆ ಹೇಳುತ್ತದೆ. ಕೂಗುವ ತಪ್ಪಿಗಿಂತ ಸುಮ್ಮನಿರುವ ತಪ್ಪಿಗೇ ನಾನು ಹೆಚ್ಚು ಹೆದರುವುದು.

ಇಂಟ್ ಎಂಬ ಫಂಕ್ಷನ್ನಿನೊಳಗೆ ಹಾಕಿದರೆ ಸರ ಸಂಖ್ಯೆಯಾಗುತ್ತದೆ, ಹುಡುಗನ ಸಮಸ್ಯೆ ಮುಗಿಯುತ್ತದೆ. ಆದರೆ ಅವನು ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಮಾತು ಬರೆದಿದ್ದಾನೆ: ಅಂತರಜಾಲದ ಒಂದು ಪಾಠದಲ್ಲಿ ಇಂಟ್ ಇಲ್ಲದೆಯೇ ಸರಿಯಾಗಿ ಬಂದಿತ್ತಲ್ಲ? ಬಂದಿರುತ್ತದೆ. ಅದು ಪೈಥಾನ್ 2ರ ಪಾಠ. ಅಲ್ಲಿ ಇನ್‌ಪುಟ್ ನೀವು ಒತ್ತಿದ್ದನ್ನು ಪೈಥಾನ್ ಸಾಲೆಂದೇ ತಿಳಿದು ಅದನ್ನು ನಡೆಸಿ ನೋಡುತ್ತಿತ್ತು. ಅನುಕೂಲವೇನೋ ಹೌದು, ಆದರೆ ಬಾಗಿಲಿಗೆ ಬಂದವರನ್ನೆಲ್ಲ ಅಡುಗೆಮನೆಯವರೆಗೆ ಬಿಟ್ಟುಕೊಂಡಂತೆ. 2008ರ ಡಿಸೆಂಬರ್ 3ರಂದು ಬಂದ ಪೈಥಾನ್ 3 ಆ ಪದ್ಧತಿಯನ್ನು ಕಿತ್ತುಹಾಕಿತು. 2020ರ ಜನವರಿ 1ರಿಂದ ಹಳೆಯ ಪೈಥಾನ್‌ಗೆ ಅಧಿಕೃತ ಪೋಷಣೆಯೂ ಇಲ್ಲ, ಆದರೂ ಅದರ ಪಾಠಗಳು ಇನ್ನೂ ಓಡಾಡಿಕೊಂಡಿವೆ. ಹಳೆಯ ಪೈಥಾನಿನಲ್ಲಿ 5 ಎಂಬ ಸಂಖ್ಯೆಯನ್ನು "5" ಎಂಬ ಸ್ಟ್ರಿಂಗಿನೊಡನೆ ಯಾವುದು ದೊಡ್ಡದು ಎಂದು ಕೇಳಿದರೂ ಉತ್ತರ ಸಿಗುತ್ತಿತ್ತು. ಸಂಖ್ಯೆ ಯಾವತ್ತೂ ಚಿಕ್ಕದು! ಈಗ ಹಾಗೆ ಕೇಳಿದರೆ ಟೈಪ್‌ಎರರ್. ಸಮವೇ ಎಂದು ಕೇಳಿದರೆ ಮಾತ್ರ ಎರರ್ ಇಲ್ಲ, ಸುಮ್ಮನೆ ಅಲ್ಲ ಎಂಬ ಉತ್ತರ. ಅದು ನ್ಯಾಯವೇ. ಕುದುರೆಯೂ ಕುರ್ಚಿಯೂ ಒಂದೇ ಅಲ್ಲ ಎನ್ನಬಹುದು, ಆದರೆ ಎರಡರಲ್ಲಿ ಯಾವುದು ಮೊದಲು ಎಂದು ಕೇಳಿದರೆ ಏನು ಹೇಳುವುದು?

ಹಾಗಾದರೆ ಅಂಕಿ ಕಂಡಲ್ಲೆಲ್ಲ ಇಂಟ್ ಹಾಕಿಬಿಡೋಣವೇ? ಬೇಡ. ಬೆಂಗಳೂರಿನ ದೂರವಾಣಿ ಸಂಕೇತ 080. ಅದನ್ನು ಇಂಟ್ ಮಾಡಿದರೆ 80 ಉಳಿಯುತ್ತದೆ, ಮುಂದಿನ ಸೊನ್ನೆ ಹೋಯಿತು. ನಾನು ಹೊಸಬರಿಗೆ ಕೇಳುವ ಪ್ರಶ್ನೆ ಒಂದೇ: ಇದನ್ನು ಎಂದಾದರೂ ಕೂಡಿಸುತ್ತೀರಾ? ಎರಡು ಪಿನ್ ಕೋಡ್‌ಗಳನ್ನು ಕೂಡಿಸಿದವರುಂಟೇ? ಆಧಾರ್ ಸಂಖ್ಯೆಯ ಸರಾಸರಿ ತೆಗೆದವರುಂಟೇ? ಹೆಸರಿನಲ್ಲಿ ಸಂಖ್ಯೆ ಎಂದಿದ್ದ ಮಾತ್ರಕ್ಕೆ ಸಂಖ್ಯೆಯಾಗುವುದಿಲ್ಲ. ಅವು ಅಂಕಿಗಳಲ್ಲಿ ಬರೆದ ಹೆಸರುಗಳು, ಸ್ಟ್ರಿಂಗ್ ಆಗಿಯೇ ಇರಲಿ.

ಎರಡನೆಯ ಚೀಟಿ ಬರೆದವರು ನಿವೃತ್ತ ಬ್ಯಾಂಕ್ ನೌಕರರು. ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. "1,20,000 ಎಂದು ಬರೆದರೆ ಪೈಥಾನ್ ಎರರ್ ಕೊಡುವುದಿಲ್ಲ, ಆದರೆ ಲೆಕ್ಕವೂ ಬರುವುದಿಲ್ಲ. 1,25,050 ಎಂದರೆ ಎರರ್ ಕೊಡುತ್ತದೆ. ಏನಿದರ ಗುಟ್ಟು?" ಸರ್, ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಪ್ರೋಗ್ರಾಮಿನೊಳಗೆ ಅಲ್ಪವಿರಾಮ ಎಂದರೆ ಪೈಥಾನ್‌ಗೆ ಒಂದು ವಸ್ತು ಮುಗಿದು ಇನ್ನೊಂದು ಆರಂಭವಾಯಿತು ಎಂದರ್ಥ. ಹಾಗಾಗಿ ನಿಮ್ಮ ಒಂದು ಲಕ್ಷದ ಇಪ್ಪತ್ತು ಸಾವಿರ ಅದಕ್ಕೆ ಮೂರು ಸಂಖ್ಯೆಗಳ ಗುಂಪು: 1, 20, ಮತ್ತು 0. ಕೊನೆಯ ಮೂರು ಸೊನ್ನೆಗಳೂ ಸೇರಿ ಒಂದೇ ಸೊನ್ನೆ. ಎರಡನೆಯದರಲ್ಲಿ 050 ಇದೆ. ಸೊನ್ನೆಯಿಂದ ಶುರುವಾಗಿ ಮುಂದೆ ಬೇರೆ ಅಂಕಿ ಬರುವ ಪೂರ್ಣಾಂಕವನ್ನು ಪೈಥಾನ್ 3 ಒಪ್ಪುವುದಿಲ್ಲ, ಅದಕ್ಕೇ ಎರರ್. ಅಲ್ಪವಿರಾಮದ ಜಾಗದಲ್ಲಿ ಅಡಿಗೆರೆ ಹಾಕಿದರೆ 3.6ರಿಂದ ಈಚಿನ ಆವೃತ್ತಿಗಳು ತಕರಾರಿಲ್ಲದೆ ಒಪ್ಪುತ್ತವೆ: 1_20_000. ನಮ್ಮ ರೀತಿಯಲ್ಲೇ ಎರಡೆರಡಾಗಿ ಹಾಕಬಹುದು. ಆದರೆ ಮುದ್ರಿಸುವಾಗ ಅಲ್ಪವಿರಾಮ ಹಾಕಿಕೊಡು ಎಂದರೆ 120,000 ಎಂದೇ ಹಾಕುತ್ತದೆ. ಲಕ್ಷ, ಕೋಟಿ ಅದಕ್ಕೆ ಗೊತ್ತಿಲ್ಲ.

ಅವರದೇ ಇನ್ನೊಂದು ಸಾಲು: ಕನ್ನಡ ಅಂಕಿಗಳನ್ನು ಕೊಟ್ಟರೆ? ಈ ಭಾಗ್ಯ ಬಹಳ ಮಂದಿಗೆ ಗೊತ್ತಿಲ್ಲ. "೨೫" ಎಂಬ ಸ್ಟ್ರಿಂಗನ್ನು ಇಂಟ್‌ಗೆ ಕೊಟ್ಟರೆ 25 ಎಂಬ ಸಂಖ್ಯೆ ಸಿಗುತ್ತದೆ. ಒಂದು ಅಂಕಿ ಕನ್ನಡ, ಒಂದು ಇಂಗ್ಲಿಷ್ ಇದ್ದರೂ ಸಿಗುತ್ತದೆ. ಆದರೆ ಉದ್ಧರಣ ಚಿಹ್ನೆ ಇಲ್ಲದೆ ನೇರವಾಗಿ ೨೫ ಎಂದು ಪ್ರೋಗ್ರಾಮಿನಲ್ಲಿ ಬರೆಯುವಂತಿಲ್ಲ. ಸ್ಟ್ರಿಂಗ್ ಆಗಿ ಹೋಲಿಸಿದರೆ "೨೫", "25" ಎರಡೂ ಬೇರೆ. ಇನ್ನೊಂದು ತಮಾಷೆ ನೋಡಿ. ಆಗಲೇ ನೋಡಿದ ನಿಘಂಟಿನ ನ್ಯಾಯದಂತೆ "10" ಎಂಬುದು "9"ಕ್ಕಿಂತ ಚಿಕ್ಕದು. "೧೦" ಎಂಬುದು "9"ಕ್ಕಿಂತ ದೊಡ್ಡದು! ಎಲ್ಲ ಲಿಪಿಗಳ ಚಿಹ್ನೆಗಳಿಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ಅಂಕಿಗಳು ಇಂಗ್ಲಿಷ್ ಅಂಕಿಗಳಿಗಿಂತ ಬಹಳ ಆಮೇಲೆ ಬರುತ್ತವೆ. ಹಾಗಾಗಿ "೦" ಕೂಡ "9"ಕ್ಕಿಂತ ದೊಡ್ಡದೇ.

ಇನ್ನು ಮೂರನೆಯ ಚೀಟಿ. ಇದರ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳೋಣ. ಬರೆದವರು ಹಳ್ಳಿಯ ಹಾಲಿನ ಸಂಘದಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು. ಒಂದು ಮನೆಯವರು ಬೆಳಿಗ್ಗೆ 1.1 ಲೀಟರ್, ಸಂಜೆ 2.2 ಲೀಟರ್ ಹಾಕಿದರು. ಪುಸ್ತಕದಲ್ಲಿ 3.3 ಎಂದು ಬರೆದಿದೆ. ಎರಡೂ ತಾಳೆಯಾಗುತ್ತದೆಯೇ ಎಂದು ಪೈಥಾನನ್ನು ಕೇಳಿದರೆ ಇಲ್ಲ ಎನ್ನುತ್ತದೆ. ಮೊತ್ತವನ್ನು ಮುದ್ರಿಸಿದರೆ 3.3000000000000003. "ಆ ಕೊನೆಯ ಮೂರು ಯಾರು ಸುರಿದ ಹಾಲು, ಸರ್?" ಎಂದು ಬರೆದಿದ್ದಾರೆ. ಇಷ್ಟು ಚೆನ್ನಾಗಿ ಈ ಪ್ರಶ್ನೆ ಕೇಳಿದವರನ್ನು ನಾನು ನೋಡಿಲ್ಲ.

ತಾಯಿ, ಆ ಹಾಲು ಯಾರೂ ಸುರಿದದ್ದಲ್ಲ. ಅದು ಅಳತೆ ಪಾತ್ರೆಯ ದೋಷ. ನಿಮ್ಮಲ್ಲಿ ಹಿರಿಯರಿಗೆ ಸೇರು, ಅರ್ಧ ಸೇರು, ಪಾವು, ಅರೆಪಾವು, ಚಟಾಕು ನೆನಪಿರಬೇಕು. ಸೇರಿನ ಅರ್ಧ ಅರ್ಧ ಸೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಹದಿನಾರು ಚಟಾಕಿಗೆ ಒಂದು ಸೇರು. ಈ ಪಾತ್ರೆಗಳನ್ನಷ್ಟೇ ಕೊಟ್ಟು, ಒಂದು ಸೇರಿನ ಸರಿಯಾಗಿ ಹತ್ತನೆಯ ಒಂದು ಭಾಗ ಅಳೆದುಕೊಡಿ ಎಂದರೆ ಏನು ಮಾಡುತ್ತೀರಿ? ಅರೆಪಾವು ಹೆಚ್ಚಾಯಿತು. ಚಟಾಕು ಕಡಿಮೆಯಾಯಿತು, ಅದಕ್ಕೆ ಅರ್ಧ ಚಟಾಕು ಸೇರಿಸಿ. ಈಗಲೂ ಚೂರು ಕಡಿಮೆ. ಇನ್ನೂ ಚಿಕ್ಕ ಪಾತ್ರೆ ತನ್ನಿ, ಅದರ ಅರ್ಧ ತನ್ನಿ, ಅದರ ಅರ್ಧ ತನ್ನಿ. ಹತ್ತಿರ ಹೋಗುತ್ತೀರಿ, ಮುಟ್ಟುವುದಿಲ್ಲ. ಏಕೆಂದರೆ ಹತ್ತರಲ್ಲಿ ಐದು ಇದೆ, ಅರ್ಧ ಮಾಡುತ್ತಾ ಹೋಗುವ ಯಾವ ಪಾತ್ರೆಯಲ್ಲೂ ಐದು ಇಲ್ಲ.

ಗಣಕದ ಬಳಿ ಇರುವುದು ಸೇರು ಪಾವಿನ ಲೆಕ್ಕವೇ. ದ್ವಿಮಾನ ಪದ್ಧತಿ ಎಂದರೆ ಅದೇ. ಅರ್ಧ, ಕಾಲು, ಅರೆಕಾಲು, ವೀಸ, ಹೀಗೆ. ದಶಮಾಂಶ ಸಂಖ್ಯೆಯೊಂದಕ್ಕೆ ಅದು ಇಡುವ ಜಾಗ 64 ಬಿಟ್, ಅಂದರೆ 0 ಅಥವಾ 1 ಹಿಡಿಯುವ 64 ಮನೆಗಳು. ಅದರಲ್ಲಿ ನಿಖರತೆಗೆ ಸಿಗುವುದು 53. 1985ರ ಐಇಇಇ 754 ಎಂಬ ಮಾನಕ ಇದನ್ನು ಗೊತ್ತುಮಾಡಿತು. ಪೈಥಾನ್ ಒಂದೇ ಅಲ್ಲ, ಸಾಮಾನ್ಯವಾಗಿ ನಾವು ಬಳಸುವ ಭಾಷೆಗಳೆಲ್ಲ ಅದನ್ನೇ ಪಾಲಿಸುತ್ತವೆ. 53 ಬಿಟ್ಟಿನಲ್ಲಿ 0.1ಕ್ಕೆ ಅತಿ ಹತ್ತಿರ ಹೋದರೆ ಸಿಗುವುದು 0.1000000000000000055 ಎಂದು ಶುರುವಾಗುವ ಸಂಖ್ಯೆ. ಪೈಥಾನ್ ಮರ್ಯಾದೆಗೆ 0.1 ಎಂದು ತೋರಿಸುತ್ತದೆ. ಎರಡು ಮೂರು ಕೂಡಿಸಿದಾಗ ಮುಚ್ಚಿಟ್ಟ ಚೂರು ಹೊರಗೆ ಇಣುಕುತ್ತದೆ. 0.5, 0.25 ಇವುಗಳಿಗೆ ಈ ತೊಂದರೆ ಇಲ್ಲ, ಅವು ಪಾತ್ರೆಗಳೇ ಆದ್ದರಿಂದ.

ಇಲ್ಲಿ ನನಗೆ ಯಾವಾಗಲೂ ಒಂದು ವಿಷಯ ನೆನಪಾಗುತ್ತದೆ. 1957ರ ಏಪ್ರಿಲ್ 1ರವರೆಗೆ ನಮ್ಮ ರೂಪಾಯಿಗೆ ಹದಿನಾರಾಣೆ. ಎಂಟಾಣೆ ಅರ್ಧ, ನಾಲ್ಕಾಣೆ ಕಾಲು, ಒಂದಾಣೆ ಹದಿನಾರನೆಯ ಒಂದು ಭಾಗ. ಇವೆಲ್ಲವನ್ನೂ ದ್ವಿಮಾನದಲ್ಲಿ ಒಂದು ಕೂದಲೆಳೆಯೂ ತಪ್ಪದೆ ಬರೆಯಬಹುದು. ಆ ದಿನ ನೂರು ನಯಾಪೈಸೆಯ ರೂಪಾಯಿ ಬಂತು. ಕಾಗದದ ಲೆಕ್ಕ ಸುಲಭವಾಯಿತು, ಒಪ್ಪುತ್ತೇನೆ. ಆದರೆ ಗಣಕದ ಕಣ್ಣಿನಲ್ಲಿ ಹದಿನಾರಾಣೆಯ ರೂಪಾಯಿಯೇ ಹದಿನಾರಾಣೆ ಸರಿ. ಇವತ್ತಿನ ಹತ್ತು ಪೈಸೆಯನ್ನು ಅದು ಎಂದಿಗೂ ಪೂರ್ತಿ ಬರೆಯಲಾರದು.

ಇಷ್ಟು ಸಣ್ಣ ಚೂರಿಗೆ ಏಕಿಷ್ಟು ತಲೆನೋವು ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. 1991ರ ಫೆಬ್ರವರಿ 25ರಂದು, ಕೊಲ್ಲಿ ಯುದ್ಧದ ಸಮಯದಲ್ಲಿ, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿಯ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಸೈನಿಕರು ಸತ್ತರು. ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕಾಲ ಎಣಿಸುತ್ತಿತ್ತು. ಆ ಹತ್ತನೆಯ ಒಂದನ್ನು 24 ಬಿಟ್ಟಿನಲ್ಲಿ ಕತ್ತರಿಸಿ ಇಟ್ಟಿದ್ದರು. ನೂರು ಗಂಟೆ ನಿಲ್ಲದೆ ಓಡಿದ ಮೇಲೆ ಚೂರುಗಳೆಲ್ಲ ಸೇರಿ ಸುಮಾರು 0.34 ಸೆಕೆಂಡಿನ ವ್ಯತ್ಯಾಸವಾಯಿತು. ಅಷ್ಟು ಹೊತ್ತಿನಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತದೆ.

ಹಾಲಿನ ಸಂಘಕ್ಕೆ ಅಷ್ಟು ಭಯ ಬೇಡ. ಆದರೆ ದಶಮಾಂಶ ಸಂಖ್ಯೆಗಳ ನಡುವೆ ಎರಡು ಸಮಚಿಹ್ನೆ ಹಾಕಿ "ಸಮವೇ" ಎಂದು ಕೇಳುವುದನ್ನು ಇವತ್ತೇ ಬಿಡಿ. ನನ್ನ ಸಲಹೆ ಹಳೆಯ ಕಾಲದ್ದು: ಲೀಟರಿನಲ್ಲಿ ಬರೆಯಬೇಡಿ, ಮಿಲಿಲೀಟರಿನಲ್ಲಿ ಬರೆಯಿರಿ. 1100ಕ್ಕೆ 2200 ಸೇರಿದರೆ 3300, ಎಲ್ಲ ಪೂರ್ಣಾಂಕ. ಪೈಥಾನಿನ ಪೂರ್ಣಾಂಕಕ್ಕೆ ಚೂರಿನ ಕಾಟವೂ ಇಲ್ಲ, ಇಷ್ಟೇ ದೊಡ್ಡದಿರಬೇಕೆಂಬ ಮಿತಿಯೂ ಇಲ್ಲ. ಹಣವನ್ನು ಪೈಸೆಯಲ್ಲಿಡಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ದಶಮಾಂಶವೇ ಬೇಕೆಂದರೆ ಡೆಸಿಮಲ್ ಎಂಬ ಮಾಡ್ಯೂಲ್ (ಬೇಕಾದಾಗ ತಂದುಕೊಳ್ಳುವ ಸಿದ್ಧ ಸಲಕರಣೆಗಳ ಗಂಟು) ಇದೆ. ಅದಕ್ಕೆ 0.1 ಎಂದು ಸಂಖ್ಯೆಯಾಗಿ ಕೊಡದೆ, ಉದ್ಧರಣ ಚಿಹ್ನೆಯೊಳಗೆ ಸ್ಟ್ರಿಂಗ್ ಆಗಿ ಕೊಡಬೇಕು. ಇಲ್ಲದಿದ್ದರೆ ಕೆಟ್ಟ ಹಾಲನ್ನು ಹೊಸ ಕ್ಯಾನಿಗೆ ಸುರಿದ ಹಾಗೆ. ತೂಕ, ಉಷ್ಣಾಂಶದಂಥ ಅಳತೆಗಳಲ್ಲಿ "ಸಮವೇ" ಎಂದು ಕೇಳದೆ "ಸಾಕಷ್ಟು ಹತ್ತಿರವೇ" ಎಂದು ಕೇಳಿ. ಮ್ಯಾಥ್ ಮಾಡ್ಯೂಲಿನಲ್ಲಿ ಇಸ್‌ಕ್ಲೋಸ್ ಎಂಬ ಫಂಕ್ಷನ್ 3.5ರಿಂದ ಇದೆ. ಸಮ್ ಎಂಬ ಫಂಕ್ಷನ್ 3.12ರಲ್ಲಿ ಜಾಣನಾಗಿದೆ. ಹತ್ತು ಸಲ 0.1 ಕೊಟ್ಟರೆ ಸರಿಯಾಗಿ 1.0 ಎನ್ನುತ್ತದೆ. ನೀವೇ ಲೂಪಿನಲ್ಲಿ ಒಂದೊಂದಾಗಿ ಕೂಡಿಸಿದರೆ ಇವತ್ತಿಗೂ 0.9999999999999999.

ದಶಮಾಂಶವನ್ನು ಹತ್ತಿರದ ಸಂಖ್ಯೆಗೆ ಸರಿಮಾಡುವ ರೌಂಡ್ ಬಗ್ಗೆ ಎರಡು ಚೀಟಿಗಳಿವೆ. 2.5ನ್ನು ರೌಂಡ್ ಮಾಡಿದರೆ 2, 3.5ನ್ನು ಮಾಡಿದರೆ 4. ಶಾಲೆಯಲ್ಲಿ ಮೇಷ್ಟ್ರು ಅರ್ಧ ಬಂದರೆ ಮೇಲಕ್ಕೆ ಎಂದು ಹೇಳಿಕೊಟ್ಟಿದ್ದರು. ಪೈಥಾನ್ 3 ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಯಾವಾಗಲೂ ಮೇಲಕ್ಕೇ ಹೋದರೆ ಸಾವಿರಾರು ಬಿಲ್ಲುಗಳ ಮೊತ್ತ ಒಂದೇ ಕಡೆಗೆ ವಾಲುತ್ತದೆ, ಅದನ್ನು ತಪ್ಪಿಸಲು ಈ ನಿಯಮ. ಆದರೆ 2.675ನ್ನು ಎರಡು ಸ್ಥಾನಕ್ಕೆ ರೌಂಡ್ ಮಾಡಿದರೆ 2.67 ಬರುವುದಕ್ಕೆ ಈ ನಿಯಮ ಕಾರಣವಲ್ಲ. ಅಲ್ಲಿ ಹಳೆಯ ಕಳ್ಳನೇ, ಪಾತ್ರೆ. ಒಳಗಿರುವುದು 2.675 ಅಲ್ಲ, ಅದಕ್ಕಿಂತ ಒಂದು ಚೂರು ಕಡಿಮೆ.

ಭಾಗಾಕಾರ ಬೇಗ ಮುಗಿಸುತ್ತೇನೆ. ಒಂದು ಓರೆಗೆರೆ ಹಾಕಿದರೆ ಯಾವಾಗಲೂ ದಶಮಾಂಶ: 10ನ್ನು 2ರಿಂದ ಭಾಗಿಸಿದರೂ 5.0. ಎರಡು ಓರೆಗೆರೆ ಹಾಕಿದರೆ ಕೆಳಗಿನ ಪೂರ್ಣಾಂಕ. ಕೆಳಗಿನ ಎಂದರೆ ನಿಜಕ್ಕೂ ಕೆಳಗಿನ: ಋಣ 7ನ್ನು 2ರಿಂದ ಹಾಗೆ ಭಾಗಿಸಿದರೆ ಋಣ 4, ಋಣ 3 ಅಲ್ಲ.

ಮುಂದಿನದು ಹೋಲಿಕೆಯದೇ ಆದರೂ ಬೇರೆ ಜಾತಿಯದು. ಒಬ್ಬರು ಹೀಗೆ ಬರೆದಿದ್ದಾರೆ: ಉತ್ತರ "ಹೌದು" ಅಥವಾ "ಹೂಂ" ಆದರೆ ಮುಂದುವರಿಯಬೇಕು, ಆದರೆ "ಬೇಡ" ಎಂದರೂ ಪ್ರೋಗ್ರಾಂ ಮುಂದುವರಿಯುತ್ತದೆ. ಅವರು ಬರೆದ ಸಾಲು ಇದರ ಅಕ್ಷರಶಃ ಪೈಥಾನ್ ರೂಪ: ಉತ್ತರ, ಎರಡು ಸಮಚಿಹ್ನೆ, "ಹೌದು", ಆರ್ (ಪೈಥಾನಿನ "ಅಥವಾ"), "ಹೂಂ". ಮನುಷ್ಯರಿಗೆ ಅರ್ಥವಾಗುತ್ತದೆ. ಪೈಥಾನ್‌ಗೆ ಇದು ಎರಡು ಬೇರೆ ಪ್ರಶ್ನೆಗಳು. ಉತ್ತರ "ಹೌದು"ಗೆ ಸಮವೇ ಎಂಬುದು ಒಂದು. "ಹೂಂ" ಎಂಬ ಸ್ಟ್ರಿಂಗ್ ತಾನೇ ನಿಜವೇ ಎಂಬುದು ಇನ್ನೊಂದು. ಖಾಲಿ ಅಲ್ಲದ ಯಾವ ಸ್ಟ್ರಿಂಗ್ ಆದರೂ ಪೈಥಾನ್‌ಗೆ ನಿಜವೇ. "0" ಎಂಬ ಸ್ಟ್ರಿಂಗೂ ನಿಜ, "ಸುಳ್ಳು" ಎಂದು ಬರೆದರೂ ನಿಜ! ಹಾಗಾಗಿ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ.

ಇದನ್ನು ತಿದ್ದಿಕೊಳ್ಳಲು ನಮ್ಮ ಆಡುಮಾತೇ ದಾರಿ ತೋರಿಸುತ್ತದೆ. ಅಂಗಡಿಯಲ್ಲಿ ನಾವು "ಅಥವಾ" ಎನ್ನುವುದು ಅಪರೂಪ. ಹೌದು ಎಂದರೂ ಸರಿ, ಹೂಂ ಎಂದರೂ ಸರಿ ಎನ್ನುತ್ತೇವೆ. "ಎಂದರೂ" ಎರಡು ಸಲ ಬಂತು, ಗಮನಿಸಿ. ಪೈಥಾನ್ ಬಯಸುವುದೂ ಅದನ್ನೇ. ಆರ್‌ನ ಎರಡೂ ಕಡೆ ಪೂರ್ತಿ ಹೋಲಿಕೆ ಇರಬೇಕು. ಪುಸ್ತಕದ "ಅಥವಾ"ವನ್ನು ಬಿಟ್ಟು ಮನೆಯ ಮಾತಿನಲ್ಲಿ ಯೋಚಿಸಿದರೆ ಈ ತಪ್ಪು ಆಗುವುದೇ ಇಲ್ಲ. ಪದಗಳು ಹೆಚ್ಚಾದರೆ ಎಲ್ಲವನ್ನೂ ಒಂದು ಪಟ್ಟಿಯಲ್ಲಿಟ್ಟು, ಉತ್ತರ ಈ ಪಟ್ಟಿಯಲ್ಲಿದೆಯೇ ಎಂದು ಇನ್ ಬಳಸಿ ಕೇಳಿ. ವಯಸ್ಸು 18ರಿಂದ 60ರೊಳಗೆ ಇದೆಯೇ ಎಂಬುದಕ್ಕೆ ಮಾತ್ರ ಪೈಥಾನ್ ರಿಯಾಯಿತಿ ಕೊಟ್ಟಿದೆ. ಗಣಿತದಲ್ಲಿ ಬರೆಯುವಂತೆ ನಡುವೆ ವಯಸ್ಸನ್ನಿಟ್ಟು ಎರಡೂ ಬದಿಗೆ ಹೋಲಿಕೆಯ ಚಿಹ್ನೆ ಹಾಕಬಹುದು. ಎಷ್ಟೋ ಭಾಷೆಗಳಲ್ಲಿ ಆ ಸೌಕರ್ಯ ಇಲ್ಲ.

"ಎರಡು ಸಂಖ್ಯೆ ಒಂದೇ ತಾನೇ ಎಂದು ಕೇಳಲು ಸಮಚಿಹ್ನೆಯ ಬದಲು ಇಸ್ ಬಳಸಿದರೆ 256ಕ್ಕೆ ಹೌದು, 257ಕ್ಕೆ ಅಲ್ಲ ಎನ್ನುತ್ತದೆ" ಎಂದೊಂದು ಚೀಟಿ. ಅವಳಿ ಮಕ್ಕಳು ಒಂದೇ ಹಾಗಿರುತ್ತಾರೆ, ಒಬ್ಬರೇ ಅಲ್ಲ. ಎರಡು ಸಮಚಿಹ್ನೆ ಕೇಳುವುದು ಒಂದೇ ಹಾಗಿದ್ದಾರೆಯೇ ಎಂದು. ಇಸ್ ಕೇಳುವುದು ಒಬ್ಬರೇ ತಾನೇ ಎಂದು. ನಾವು ಸಾಮಾನ್ಯವಾಗಿ ಬಳಸುವ ಪೈಥಾನ್ ಋಣ 5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಮೊದಲೇ ಮಾಡಿಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುತ್ತದೆ, ಅದಕ್ಕೇ ಆ ಗಡಿ. ಸಂಖ್ಯೆ, ಸ್ಟ್ರಿಂಗ್‌ಗಳಿಗೆ ಇಸ್ ಬಳಸಲೇಬೇಡಿ. 3.8ರಿಂದ ಪೈಥಾನ್ ತಾನೇ ಎಚ್ಚರಿಸುತ್ತದೆ.

ಡಬ್ಬಿಯ ತಳದಲ್ಲಿದ್ದ ಚೀಟಿಗಳು ಕನ್ನಡ ಸ್ಟ್ರಿಂಗುಗಳವು. ಇಂಗ್ಲಿಷ್ ಪುಸ್ತಕಗಳಲ್ಲಿ ಇವುಗಳಿಗೆ ಉತ್ತರ ಸಿಗುವುದು ಕಷ್ಟ, ಆದ್ದರಿಂದ ಆತುರಪಡುವುದಿಲ್ಲ.

"ಕನ್ನಡ" ಎಂಬ ಪದದ ಉದ್ದ ಕೇಳಿದರೆ ಪೈಥಾನ್ 5 ಎನ್ನುತ್ತದೆ. ನಮಗೆ ಮೂರಕ್ಷರ. ಅದು ಎಣಿಸಿದ್ದು ಕ, ನ, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆ, ಮತ್ತೊಂದು ನ, ಡ. ಒತ್ತಕ್ಷರ ಎಂಬ ವಸ್ತು ಅದರ ಬಳಿ ಇಲ್ಲ. ಪದವನ್ನು ತಿರುಗಿಸಿದರೆ "ಡನ್ನಕ" ಬರುತ್ತದೆ. ಸರಿಯಾಗಿಯೇ ಇದೆಯಲ್ಲ ಎನಿಸಬಹುದು. ಅದು ಎರಡೂ ನ ಆಗಿದ್ದರಿಂದ ಸಿಕ್ಕ ಅದೃಷ್ಟ. "ವಿಜಯ" ತಿರುಗಿಸಿ ನೋಡಿ, "ಯಜಿವ" ಬರುತ್ತದೆ. ವ ಹೊತ್ತಿದ್ದ ಗುಡಿಸು ಜ ಮೇಲೆ ಹೋಗಿ ಕುಳಿತಿತು. "ಮೈಸೂರು" ತಿರುಗಿಸಿದರೆ ಮೊದಲಿಗೆ ಒಂದು ಕೊಂಬು ಯಾರ ಆಸರೆಯೂ ಇಲ್ಲದೆ ನಿಲ್ಲುತ್ತದೆ, ಹಿಂದೆ "ರೂಸೈಮ". ತಿರುಗಿಸಿದರೂ ಅದೇ ಉಳಿಯುವ ಪದಗಳನ್ನು ಕನ್ನಡದಲ್ಲಿ ಹುಡುಕುವ ಅಭ್ಯಾಸ ಕೊಟ್ಟವರು ಇದನ್ನು ನೋಡಿರಲಿಕ್ಕಿಲ್ಲ.

ಎರಡು ಹೆಸರುಗಳು ಒಂದೇ ಇದ್ದರೂ ಸಮವಲ್ಲ ಎಂದು ಮೂವರು ದೂರಿದ್ದಾರೆ. ಮೊದಲು ಹಿಂದೆ ಮುಂದೆ ಖಾಲಿ ಜಾಗ ಇದೆಯೇ ನೋಡಿ, ಸ್ಟ್ರಿಪ್ ಅದನ್ನು ತೆಗೆಯುತ್ತದೆ. ಆದರೆ ಸ್ಟ್ರಿಪ್ ಮೂಲವನ್ನು ತಿದ್ದುವುದಿಲ್ಲ, ತಿದ್ದಿದ ಹೊಸದನ್ನು ಕೊಡುತ್ತದೆ. ಕೊಟ್ಟದ್ದನ್ನು ಹಿಡಿದಿಟ್ಟುಕೊಳ್ಳಬೇಕು. ಅದಾದ ಮೇಲೂ ಸಮವಾಗದಿದ್ದರೆ ಕನ್ನಡದ್ದೇ ಎರಡು ಕಾರಣಗಳಿವೆ. ಒಂದು, "ರಾಜ್" ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಅಂಟಿಕೊಂಡಿರಬಹುದು. ಅಗಲವೇ ಇಲ್ಲದ, ಮುಂದಿನ ಅಕ್ಷರದೊಡನೆ ಕೂಡದಂತೆ ತಡೆಯುವ ಚಿಹ್ನೆ. ಅದು ಖಾಲಿ ಜಾಗವಲ್ಲ, ಆದ್ದರಿಂದ ಸ್ಟ್ರಿಪ್‌ಗೆ ಜಗ್ಗುವುದಿಲ್ಲ. ರೆಪ್ರ್ ಎಂಬ ಫಂಕ್ಷನ್‌ಗೆ ಆ ಸ್ಟ್ರಿಂಗನ್ನು ಕೊಟ್ಟರೆ ಕಳ್ಳ 200ಸಿ ಎಂಬ ತನ್ನ ಯೂನಿಕೋಡ್ ಸಂಖ್ಯೆಯೊಡನೆ ಬಯಲಿಗೆ ಬರುತ್ತಾನೆ. ಪೈಥಾನ್ 3ರಲ್ಲಿ ವೇರಿಯೇಬಲ್ಲುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ವಯಸ್ಸು, ಮೊತ್ತ, ಹಾಲು ಎಲ್ಲ ನಡೆಯುತ್ತವೆ. ಆದರೆ ಹೆಸರಿನೊಳಗೆ ಈ ಚಿಹ್ನೆ ಇದ್ದರೆ ಆ ಸಾಲು ಓಡುವುದೇ ಇಲ್ಲ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮ. "ಕೊಡ" ಎಂಬುದರಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಅದೇ ಕೊಡ. ಉದ್ದ ಕೇಳಿದರೆ ಒಂದು 3, ಇನ್ನೊಂದು 4. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್, ಎನ್‌ಎಫ್‌ಸಿ ಎಂಬ ರೂಪ ಕೊಟ್ಟರೆ, ಎರಡನ್ನೂ ಒಂದೇ ಅಚ್ಚಿಗೆ ತರುತ್ತದೆ. ಕನ್ನಡ ಪಠ್ಯ ಹೊರಗಿನಿಂದ ಬಂದರೆ ನಾನು ಹೊಸ್ತಿಲಲ್ಲೇ ಇದನ್ನು ಮಾಡಿಸಿ ಒಳಗೆ ಬಿಟ್ಟುಕೊಳ್ಳುತ್ತೇನೆ.

ಕೊನೆಯ ಚೀಟಿ ಈ ಗ್ರಂಥಾಲಯದವರದೇ. ಪುಸ್ತಕಗಳ ಹೆಸರನ್ನು ಅಕಾರಾದಿಯಲ್ಲಿ ಜೋಡಿಸಲು ಪೈಥಾನ್‌ಗೆ ಕೊಟ್ಟರೆ "ಹಳ್ಳಿ" ಮೊದಲು, "ಹಸು" ಆಮೇಲೆ ಬರುತ್ತಿದೆ. ನಮ್ಮ ವರ್ಣಮಾಲೆಯಲ್ಲಿ ಳ ಕಟ್ಟಕಡೆಯದು, ಹ ಆದ ಮೇಲೆ. ಯೂನಿಕೋಡ್ ಪಟ್ಟಿಯಲ್ಲಿ ಅದನ್ನು ಲ ಪಕ್ಕದಲ್ಲಿ, ವ, ಶ, ಸ, ಹಗಳಿಗಿಂತ ಮೊದಲೇ ಕೂರಿಸಿದ್ದಾರೆ. ಪೈಥಾನ್ ನೋಡುವುದು ಆ ಕ್ರಮವನ್ನೇ. ಚಹಾದ ವಿರಾಮದಲ್ಲಿ ಅವರೂ ನಾನೂ ಕುಳಿತು ಒಂದು ಉಪಾಯ ಮಾಡಿದೆವು. ಆ ಪಟ್ಟಿಯಲ್ಲಿ ಹ ಆದ ಮೇಲೆ ಎರಡು ಮನೆಗಳು ಖಾಲಿ ಇವೆ. ಸಾರ್ಟೆಡ್ ಫಂಕ್ಷನ್‌ಗೆ ಕೀ ಎಂಬ ಜಾಗದಲ್ಲಿ ಒಂದು ಪುಟ್ಟ ಫಂಕ್ಷನ್ ಕೊಟ್ಟು, ಹೋಲಿಸುವ ಹೊತ್ತಿಗೆ ಮಾತ್ರ ಳ ಇರುವ ಕಡೆಯಲ್ಲೆಲ್ಲ ಆ ಖಾಲಿ ಮನೆಯ ಚಿಹ್ನೆ ಇರುವಂತೆ ಮಾಡಿದೆವು. ಪುಸ್ತಕದ ಹೆಸರಿಗೆ ಏನೂ ಆಗುವುದಿಲ್ಲ. ನಾನು ಮಾತು ಶುರು ಮಾಡುವ ಮೊದಲೇ ಅವರು ಪಟ್ಟಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿದರು. ಹಸು ಈಗ ಹಳ್ಳಿಗಿಂತ ಮುಂದಿದೆ.